ಗುಡುಗಿಗೆ ಕಿತ್ತಿಟ್ಟ ವಯರು

ಅರಂತೋಡು
18 ಏಪ್ರಿಲ್ 2024

ಸುಬ್ರಾಯ ದೇವರನ್ನು ನೆನೆದು ಬರೆಯುತ್ತಿದ್ದೇನೆ.

ಅಚ್ಚುತಾ,

ನೀನು ಕಳಿಸಿದ ಕಂಪ್ಯೂಟರು ಸೋಮವಾರ ಜೀಪಿನಲ್ಲಿ ಬಂದು ಮುಟ್ಟಿತು. ದಾರಿಯಲ್ಲಿ ಎಲ್ಲಿಯೂ ಪೆಟ್ಟಾಗಲಿಲ್ಲ. ನನ್ನ ಲೈಬ್ರೆರಿಯಲ್ಲಿ ಪೇಪರ್ ಓದುವ ಮೇಜಿನ ಪಕ್ಕ ಇಟ್ಟಿದ್ದೇನೆ. ಇಡುವ ಮೊದಲು ಮೇಜು ಒರೆಸಿ ಒಂದು ಊದುಬತ್ತಿ ಹಚ್ಚಿದೆ. ನೀನು ನಗಾಡುತ್ತಿ ಅಂತ ಗೊತ್ತುಂಟು, ನಗಾಡು.

ಸುಳ್ಯದಲ್ಲಿ ರಿಪೇರಿ ಅಂಗಡಿ ಇಟ್ಟ ಅಬೂಬಕರ್ ಉಂಟಲ್ಲ, ಅವರು ಒಂದು ಹಳೆ ಸ್ಕ್ಯಾನರ್ ಕೊಟ್ಟರು. ಯಾರೋ ಹೊಸತು ತೆಗೊಂಡು ಇದನ್ನು ಅಂಗಡಿಯಲ್ಲೇ ಬಿಟ್ಟು ಹೋದದ್ದಂತೆ. ಊರಿನವರ ಉಪಯೋಗಕ್ಕೆ ಅಲ್ಲವಾ ಅಂತ ಹಣ ಸಹ ತೆಗೊಳ್ಳಲಿಲ್ಲ. ನನಗೆ ಬಹಳ ಖುಷಿ ಆಯಿತು. ಇಲ್ಲಿ ಪ್ರಾಯ ಆದವರು ಒಂದು ಆಧಾರ್ ಕಾರ್ಡು ಸ್ಕ್ಯಾನ್ ಮಾಡಿಸ್ಲಿಕ್ಕೆ ಸುಳ್ಯಕ್ಕೆ ಬಸ್ಸು ಹತ್ತಬೇಕು, ಸೊಂಟ ಹಿಡಿದುಕೊಂಡು. ಇನ್ನು ಅದು ಬೇಡ ಅಂತ ನಾನು ಎಲ್ಲರಿಗೂ ಹೇಳಿಯೂ ಆಯಿತು.

ಆದರೆ ಅದು ಕೆಲಸ ಮಾಡುದಿಲ್ಲ ಮಾರಾಯ. ನೀನು ನನಗೆ ಅಂತ ಕಮಲ ಎಂಬ ಹೆಸರಿನಲ್ಲಿ ಒಂದು ಬಾಗಿಲು ಮಾಡಿ ಕೊಟ್ಟಿದ್ದಿಯಲ್ಲ, ಅದರಲ್ಲಿ ಒಳಗೆ ಹೋಗಿ ಸ್ಕ್ಯಾನ್ ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬರ್ತದೆ. ಪೇಪರ್ ಓದ್ಲಿಕ್ಕೆ ಬಂದವರೊಬ್ಬರು ನೋಡಿ, ಅನುಮತಿ ಇಲ್ಲ ಅಂತ ಬರೆದಿದೆ ಅಂದರು. ಅಬೂಬಕರ್ ಅದನ್ನು ಅಂಗಡಿಗೆ ಒಯ್ದು ಅವರ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರು, ಅಲ್ಲಿ ಚಂದ ಓಡಿತು. ಯಂತ್ರದ್ದು ಎಂತದೂ ತೊಂದರೆ ಇಲ್ಲ, ನಿಮ್ಮ ತಮ್ಮನ ಲಿನಕ್ಸೇ ಅದನ್ನು ಮುಟ್ಲಿಕ್ಕೆ ಬಿಡುದಿಲ್ಲ, ಬೇಕಾದರೆ ಎಲ್ಲ ಅಳಿಸಿ ವಿಂಡೋಸ್ ಹಾಕಿ ಕೊಡ್ತೇನೆ ಅಂದರು. ನಾನು ಬೇಡ ಅಂದೆ. ನನ್ನ ತಮ್ಮ ಹಾಕಿದ್ದು, ಅವನೇ ಸರಿ ಮಾಡ್ತಾನೆ ಅಂದೆ.

ನೀನೇ ಒಮ್ಮೆ ಬಾ. ಸಂಪಾಜೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಫೆಬ್ರವರಿಯಲ್ಲಿ ನಮ್ಮ ಮನೆಯ ದೈವದ ತಂಬಿಲದ ಪೂಜೆಗೆ ಬಂದು ಹೋದ ಮೇಲೆ ನೀನು ಈ ಕಡೆ ಮುಖ ಹಾಕಲಿಲ್ಲ. ಮಂಗಳೂರಿನಲ್ಲಿ ನಿನ್ನ ಗಂಟಲಿನ ಪೆಟ್ಟಿಗೆ ತೆಗೆದ ಮೇಲೆ ಫೋನಿನಲ್ಲಿ ಸ್ವರ ಕೇಳುದಂತೂ ಹೋಯಿತು. ಮುಖವಾದರೂ ನೋಡುವ ಅಂತ ಆಸೆ. ನನ್ನದು ಗುಂಡಿ ಒತ್ತುವ ಫೋನ್, ಅದರಲ್ಲಿ ಮೆಸೇಜು ಓದ್ಲಿಕ್ಕೆ ಕಣ್ಣು ಹಿಡಿಯುದಿಲ್ಲ. ಅದಕ್ಕೆ ಈ ಕಾಗದ. ಬಸ್ಸಿನ ಡ್ರೈವರ್ ಕುಕ್ಕಪ್ಪಣ್ಣನ ಕೈಯಲ್ಲಿ ಕೊಡ್ತೇನೆ. ನಿನ್ನ ಗೇಟಿನ ಎದುರು ನಿಲ್ಲಿಸಿ ಕೊಡ್ತೇನೆ ಅಂತ ಅವರೇ ಹೇಳಿದ್ದಾರೆ.

ನಿನ್ನ ಅಕ್ಕ,
ಕಮಲಾವತಿ


ಸಂಪಾಜೆ
21 ಏಪ್ರಿಲ್ 2024

ಅಕ್ಕಾ,

ಕುಕ್ಕಪ್ಪಣ್ಣ ಬಸ್ಸು ನಿಲ್ಲಿಸಿ ಹಾರನ್ ಹೊಡೆದ ಹೊಡೆತಕ್ಕೆ ಪಕ್ಕದ ಮನೆಯ ನಾಯಿ ಸಹ ಕಾಗದ ತೆಗೊಳ್ಳಲಿಕ್ಕೆ ಓಡಿ ಬಂತು. ಇಷ್ಟು ದೊಡ್ಡ ಅಂಚೆ ನನಗೆ ಯಾವಾಗಲೂ ಬಂದದ್ದಿಲ್ಲ.

ಅಬೂಬಕರ್ ಹೇಳಿದ್ದು ಸರಿ. ರಾಜ್ಯದ ಗಡಿಯಾಚೆ ನಾನು ಪಾಠ ಮಾಡ್ತಾ ಇದ್ದ ಶಾಲೆಯಲ್ಲಿ ಎಲ್ಲ ಕಂಪ್ಯೂಟರುಗಳೂ ಲಿನಕ್ಸ್. ಅಲ್ಲಿಯೂ ಇದೇ ತಕರಾರು ಇತ್ತು. ಲಿನಕ್ಸಿನಲ್ಲಿ ಯಾರು ಯಾವುದನ್ನು ಮುಟ್ಟಬಹುದು ಅಂತ ಲೆಕ್ಕ ಕಟ್ಟುನಿಟ್ಟು. ದೇವಸ್ಥಾನದಲ್ಲಿ ಗರ್ಭಗುಡಿಗೆ ಭಟ್ರು ಮಾತ್ರ ಹೋಗುದು, ನಾವು ಹೊರಗೆ ನಿಂತು ಕೈ ಮುಗಿಯುದು, ಹಾಗೆ. ಆ ಸ್ಕ್ಯಾನರನ್ನು ಈಗ ಮುಟ್ಲಿಕ್ಕೆ ಇರುವುದು ಕಂಪ್ಯೂಟರಿನ ಯಜಮಾನನಿಗೆ ಮಾತ್ರ. ಕಮಲ ಹೊರಗೆ ನಿಂತವಳು.

ಬೇರೆ ಹಾಳೆಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಆಜ್ಞೆ ಹೊಡೆಯುವ ಕಪ್ಪು ಕಿಟಕಿ ತೆರೆದು ಅದನ್ನು ಹಾಗೆಯೇ ಹೊಡಿ. ಸಾಲಿನ ಕೊನೆಯಲ್ಲಿ ಮೂರು ಅಂಕೆ ಉಂಟು, ಅದು ಸ್ಕ್ಯಾನರಿಗೆ ಕಂಪ್ಯೂಟರು ಕೊಟ್ಟ ನಂಬರು. ಅದನ್ನು ನೋಡುವ ಕ್ರಮವೂ ಬರೆದಿದ್ದೇನೆ. ಯಜಮಾನನ ಪಾಸ್‌ವರ್ಡ್ ಕೇಳ್ತದೆ. ಅದು ನಮ್ಮ ಅಮ್ಮ ಸಾಕಿದ ದನದ ಹೆಸರು. ಹೊಡೆಯುವಾಗ ಅಕ್ಷರ ಕಾಣುದಿಲ್ಲ, ಹೆದರಬೇಡ.

ಬರುವುದು ಈಗ ಆಗ್ಲಿಕ್ಕಿಲ್ಲ. ಬಿಸಿಲು ಜೋರು, ಬಸ್ಸಿನಲ್ಲಿ ಧೂಳು. ಕುತ್ತಿಗೆಯ ತೂತಿಗೆ ಬಟ್ಟೆ ಕಟ್ಟಿದರೂ ಕೆಮ್ಮು ಬರ್ತದೆ. ಇಲ್ಲಿ ಎಲ್ಲ ಕ್ರಮದಲ್ಲಿ ಉಂಟು. ಒಂದು ಹೊಸ ವಿಷಯ ಗೊತ್ತಾಯಿತು: ಬಿಸಿ ಕಾಫಿಯನ್ನು ನನಗೆ ಇನ್ನು ಊದಿ ತಣಿಸ್ಲಿಕ್ಕೆ ಇಲ್ಲ. ಉಸಿರು ಬಾಯಿಗೆ ಬರುದೇ ಇಲ್ಲವಲ್ಲ. ಕೂತು ಕಾಯುದು. ತಾಳ್ಮೆ ಬರ್ತಾ ಉಂಟು.

ನಿನ್ನ,
ಅಚ್ಚುತ


ಅರಂತೋಡು
26 ಏಪ್ರಿಲ್ 2024

ಅಚ್ಚುತಾ,

ಆಯಿತು. ಗುರುವಾರ ಬೆಳಿಗ್ಗೆ ನೀನು ಬರೆದ ಹಾಗೆ ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಕಪಿಲೆ ಅಂತ ಕುರುಡಿಯ ಹಾಗೆ ಒತ್ತಿದೆ. ಸ್ಕ್ಯಾನರಿನ ಒಳಗೆ ಬೆಳಕು ಓಡಿತು. ಮೊದಲು ಮಾಡಿದ್ದು ನಮ್ಮ ನೆರೆಯ ಅಜ್ಜಿಯ ವಿಧವಾ ಪಿಂಚಣಿಯ ಕಾಗದ. ಅವರಿಗೆ ಆ ಬೆಳಕು ನೋಡಿ ಕೈ ಮುಗಿಯಬೇಕು ಅಂತ ಅನಿಸಿತಂತೆ, ನಾನು ನೋಡದ ಹಾಗೆ ಮುಗಿದರು. ಆ ದಿನ ಒಟ್ಟು ಒಂಬತ್ತು ಜನರದ್ದಾಯಿತು.

ಇವತ್ತು ಬೆಳಿಗ್ಗೆ ಪುನಃ ಅದೇ ಹಾಡು. ಅನುಮತಿ ಇಲ್ಲ. ನಿನ್ನ ಸಾಲನ್ನು ನಿನ್ನೆಯ ಹಾಗೆಯೇ ಹೊಡೆದೆ, ಅಂಕೆ ಸಹ ಅದೇ. ಅಂತಹ ಫೈಲೇ ಇಲ್ಲ ಅಂತ ಹೇಳ್ತದೆ. ಐದು ಜನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳಿಗೆ ಹಾಲು ಇಲ್ಲ ಅಂತ ಹೇಳಿದ ಹಾಗಾಯಿತು ನನಗೆ.

ಬಿಸಿಲಾದರೆ ಬೆಳಗ್ಗಿನ ಬಸ್ಸಿಗೆ ಬಾ. ಕುಕ್ಕಪ್ಪಣ್ಣ ಹಿಂದಿನ ಸೀಟು ಬೇಡ, ನನ್ನ ಪಕ್ಕದಲ್ಲಿಯೇ ಕೂರಿಸ್ತೇನೆ, ಕಿಟಕಿ ಮುಚ್ಚಿ ಅಂತ ಹೇಳಿದ್ದಾರೆ.

ಅಕ್ಕ,
ಕಮಲ


ಸಂಪಾಜೆ
30 ಏಪ್ರಿಲ್ 2024

ಅಕ್ಕಾ,

ಒಂದು ದಿನ ಓಡಿ ಮರುದಿನ ನಿಂತರೆ ಅದಕ್ಕೆ ಕಾರಣ ಇರಬೇಕು. ಅಂಕೆ ಯಾಕೆ ಬದಲಾಯಿತು? ಅದು ತನ್ನಷ್ಟಕ್ಕೆ ಬದಲಾಗುದಿಲ್ಲ. ಮೂರು ರೀತಿ ಯೋಚನೆ ಮಾಡಿದೆ, ಮೂರೂ ಸರಿ ಬರುದಿಲ್ಲ. ಈ ಸಲದ ಹಾಳೆಯಲ್ಲಿ ಅಂಕೆಯನ್ನು ಪ್ರತಿ ದಿನ ಹೊಸತಾಗಿ ನೋಡಿ ಹೊಡೆಯುವ ಕ್ರಮ ಬರೆದಿದ್ದೇನೆ. ಸದ್ಯಕ್ಕೆ ಹಾಗೆ ಸುಧಾರಿಸು. ಆದರೆ ದಿನಾ ಇಷ್ಟು ಮಾಡುದು ಒಂದು ಕೆಲಸವಾ?

ಯಶಸ್ವಿ ಪುತ್ತೂರಿನ ಕಾಲೇಜಿನಿಂದ ಮನೆಗೆ ಬಂದವಳು ನಿನ್ನ ಕಾಗದ ಓದಿ, ಅಪ್ಪಾ, ಅತ್ತೆ ನಿಮ್ಮನ್ನು ಬರಿಸ್ಲಿಕ್ಕೆ ಬೇಕೆಂದೇ ಕೆಡಿಸುದು ಅಂತ ಹೇಳಿದಳು. ನನಗೂ ಹಾಗೆಯೇ ಕಾಣ್ತದೆ. ಸಣ್ಣದಿರುವಾಗ ನನ್ನನ್ನು ಶಾಲೆಯಿಂದ ಬೇಗ ಕರಕೊಂಡು ಹೋಗ್ಲಿಕ್ಕೆ ಮೇಷ್ಟ್ರ ಹತ್ತಿರ ಅಜ್ಜನಿಗೆ ಸೌಖ್ಯ ಇಲ್ಲ ಅಂತ ಹೇಳಿದವಳು ನೀನೇ ಅಲ್ಲವಾ. ಅಜ್ಜ ತೀರಿ ಹೋಗಿ ಎರಡು ವರ್ಷ ಆಗಿತ್ತು.

ಸುಳ್ಳಲ್ಲವಾದರೆ, ಬೆಳಿಗ್ಗೆ ಬೀಗ ತೆಗೆದಲ್ಲಿಂದ ಸಂಜೆ ಬೀಗ ಹಾಕುವಲ್ಲಿವರೆಗೆ ಎಂತೆಲ್ಲ ಮಾಡ್ತಿ ಅಂತ ಬರೆ. ಒಂದನ್ನೂ ಬಿಡಬಾರದು.

ಅಚ್ಚುತ


ಅರಂತೋಡು
4 ಮೇ 2024

ಅಚ್ಚುತಾ,

ಅಪ್ಪ ಮಗಳು ಸೇರಿ ನನ್ನನ್ನು ಕಳ್ಳಿ ಮಾಡಿದಿರಿ, ಇರಲಿ. ಸುಬ್ರಾಯ ದೇವರ ಮೇಲೆ ಆಣೆ, ನಾನು ಅದನ್ನು ಕೆಡಿಸಲಿಲ್ಲ. ಬರೆ ಅಂದಿಯಲ್ಲ, ಬರೆಯುತ್ತೇನೆ, ಓದಿ ಸಾಕಾಗಲಿ ನಿನಗೆ.

ಒಂಬತ್ತೂವರೆಗೆ ಬೀಗ ತೆಗೆಯುದು. ಗುಡಿಸುದು. ಬಾವಲಿ ಹಿಕ್ಕೆ ಹಾಕಿದ್ದರೆ ಒರೆಸುದು. ದೇವರ ಪಟಕ್ಕೆ ಮನೆಯಿಂದ ತಂದ ದಾಸವಾಳ ಇಡುದು. ನಿನ್ನೆಯ ಪೇಪರ್ ಮಡಚಿ ಕಪಾಟಿಗೆ, ಇವತ್ತಿನದ್ದು ಮೇಜಿಗೆ. ಆಮೇಲೆ ಕಂಪ್ಯೂಟರಿಗೆ ಮುಚ್ಚಿದ ಬಟ್ಟೆ ತೆಗೆದು, ಗೋಡೆಯ ಪ್ಲಗ್ಗು ಹಾಕಿ, ಬೇರೆ ವಯರುಗಳನ್ನು ಅದರದರ ತೂತಿಗೆ ಸಿಕ್ಕಿಸಿ, ಗುಂಡಿ ಒತ್ತುದು. ಹೊಗೆ ಬರುದಿಲ್ಲ ಅಂತ ನೋಡಿ ಕೂರುದು. ಬಂದವರ ಕಾಗದ ಸ್ಕ್ಯಾನ್ ಮಾಡುದು, ಅದಕ್ಕೆ ಒಪ್ಪಿಗೆ ಇದ್ದರೆ. ಮಧ್ಯಾಹ್ನ ಬುತ್ತಿ ಊಟ. ಮೂರೂವರೆ ನಾಲ್ಕಕ್ಕೆ ಘಟ್ಟದ ಕಡೆಯಿಂದ ಕಪ್ಪು ಮೋಡ ಬರ್ತದೆ, ಈಗ ದಿನಾ ಬರ್ತದೆ. ಮೊದಲ ಗುಡುಗು ಕೇಳಿದ ಕೂಡಲೇ ಎಲ್ಲ ಮುಚ್ಚಿ, ಗೋಡೆಯದ್ದು, ಕಂಪ್ಯೂಟರಿನದ್ದು, ಸ್ಕ್ಯಾನರಿನದ್ದು, ಇದ್ದಬದ್ದ ವಯರೆಲ್ಲ ಕಿತ್ತು ಮೇಜಿನ ಮೇಲೆ ಸುರುಳಿ ಸುತ್ತಿ ಇಡುದು. ಅದು ಬರೆಯುವ ವಿಷಯವೇ ಅಲ್ಲ, ಗುಡುಗು ಬಂದರೆ ಎಲ್ಲರೂ ಮಾಡುದು, ಆದರೆ ಒಂದನ್ನೂ ಬಿಡಬೇಡ ಅಂದಿಯಲ್ಲ. ಹೋದ ವರ್ಷ ಆಚೆ ಮನೆಯವರ ಟಿವಿ, ಫ್ರಿಜ್ಜು, ಪಂಪು ಮೂರೂ ಒಂದೇ ಸಿಡಿಲಿಗೆ ಹೋದದ್ದು. ಐದು ಗಂಟೆಗೆ ಕಿಟಕಿ ಹಾಕಿ, ಪಟಕ್ಕೆ ಕೈ ಮುಗಿದು, ಬೀಗ.

ಇದರಲ್ಲಿ ನಾನು ಎಲ್ಲಿ ಕೆಡಿಸಿದೆ ಹೇಳು.

ಯಶಸ್ವಿಗೆ ಹೇಳು, ಅತ್ತೆಗೆ ಕೋಪ ಬಂದಿದೆ, ಈ ಸಲದ ಹಲಸಿನ ಹಪ್ಪಳ ಅವಳಿಗಿಲ್ಲ. ನಿನಗೆ ಮಾತ್ರ ಒಂದು ಕಟ್ಟು ಇಟ್ಟಿದ್ದೇನೆ.

ಕಮಲ


ಸಂಪಾಜೆ
7 ಮೇ 2024

ಅಕ್ಕಾ,

ಓದಿ ನಕ್ಕೆ. ಈಗ ನಗುವಿಗೆ ಶಬ್ದ ಇಲ್ಲ, ಭುಜ ಮಾತ್ರ ಕುಣಿಯುದು. ಹೆಂಡತಿ ಹೆದರಿ ನೀರು ತಂದಳು.

ನೀನು ಕೆಡಿಸುದು ಹೌದು. ಆದರೆ ಬೇಕೆಂದು ಅಲ್ಲ. ನಾಲ್ಕು ಗಂಟೆಯ ಗುಡುಗಿಗೆ ನೀನು ವಯರು ಕಿತ್ತಿ. ಅಲ್ಲಿಗೆ ಅನುಮತಿಯೂ ಕಿತ್ತು ಹೋಯಿತು. ನಾನು ಹನ್ನೆರಡು ವರ್ಷ ಕಂಪ್ಯೂಟರ್ ಪಾಠ ಮಾಡಿದವ, ಈ ಊರಿನಲ್ಲಿಯೇ ಹುಟ್ಟಿದವ, ನಾನು ಸಹ ಇಲ್ಲಿ ದಿನಾ ನಾಲ್ಕು ಗಂಟೆಗೆ ಎಲ್ಲ ಕಿತ್ತು ಇಡುವವ. ಆದರೂ ಹೊಳೆಯಲಿಲ್ಲ ನೋಡು. ನಾವು ಕೀಳುದು ಒಂದು ಕೆಲಸ ಅಂತ ನಮಗೆ ಲೆಕ್ಕವೇ ಇಲ್ಲ.

ವಿಷಯ ಎಂತ ಅಂದರೆ, ಡಾಕ್ಟರಲ್ಲಿ ಚೀಟಿ ತೆಗೊಳ್ಳುದಿಲ್ಲವಾ, ಹಾಗೆ. ಸ್ಕ್ಯಾನರಿನ ಯುಎಸ್‌ಬಿ ವಯರು ಸಿಕ್ಕಿಸಿದ ಪ್ರತಿ ಸಲ ಕಂಪ್ಯೂಟರು ಅದಕ್ಕೆ ಹೊಸ ಚೀಟಿ ನಂಬರ್ ಕೊಡ್ತದೆ. ನಾವು ಅನುಮತಿ ಬರೆದದ್ದು ಚೀಟಿಯ ಮೇಲೆ. ಕಿತ್ತರೆ ಚೀಟಿ ಹರಿದ ಹಾಗೆ. ಮರುದಿನ ಅದೇ ಸ್ಕ್ಯಾನರು ಹೊಸ ಚೀಟಿ ಹಿಡಿದು ಬರ್ತದೆ, ಕಂಪ್ಯೂಟರಿಗೆ ಗುರುತಿಲ್ಲ. ವಯರು ಕೀಳಬೇಡ ಅಂತ ನಾನು ಹೇಳ್ಲಿಕ್ಕಿಲ್ಲ. ಸಿಡಿಲಿಗೆ ಲಿನಕ್ಸ್ ವಿಂಡೋಸ್ ಅಂತ ಭೇದ ಇಲ್ಲ.

ಅನುಮತಿಯನ್ನು ಚೀಟಿಗೆ ಕೊಡುದಲ್ಲ, ಯಂತ್ರದ ಹೆಸರಿಗೇ ಕೊಡಬೇಕು. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಎರಡು ನಂಬರು ಹಾಕಿರ್ತಾರೆ. ಒಂದು ಮನೆತನದ್ದು, ಅಂದರೆ ಮಾಡಿದ ಕಂಪೆನಿಯದ್ದು. ಇನ್ನೊಂದು ಅದರ ಸ್ವಂತದ್ದು. ಅವು ಎಷ್ಟು ಸಲ ಕಿತ್ತರೂ ಬದಲಾಗುದಿಲ್ಲ. ಹಾಳೆಯಲ್ಲಿ ಬರೆದ ಸಾಲು ಹೊಡೆದರೆ ಪಟ್ಟಿ ಬರ್ತದೆ. ಅದನ್ನು ನೋಡಿಟ್ಟು, ಸ್ಕ್ಯಾನರಿನ ವಯರು ಕಿತ್ತು, ಪುನಃ ಪಟ್ಟಿ ನೋಡು. ಯಾವ ಸಾಲು ಮಾಯ ಆಯಿತೋ ಅದೇ ಸ್ಕ್ಯಾನರು. ಅದರಲ್ಲಿರುವ ಎರಡು ನಂಬರು ಬರೆದು ಕಳಿಸು. ವಯರು ಕೀಳ್ಲಿಕ್ಕೆ ನಿನಗೆ ಹೇಳಿ ಕೊಡಬೇಕಾಗಿಲ್ಲ.

ಹಪ್ಪಳ ಯಶಸ್ವಿಗೆ ಗೊತ್ತಾಗದ ಹಾಗೆ ಕಳಿಸು.

ಅಚ್ಚುತ


ಅರಂತೋಡು
11 ಮೇ 2024

ಅಚ್ಚುತಾ,

ಎರಡು ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಮೂರು ಸಲ ಹೊಂದಿಸಿ ನೋಡಿದೆ. ಅಬೂಬಕರ್ ಸಹ ಬಂದಿದ್ದರು, ಅವರಲ್ಲಿಯೂ ಓದಿಸಿದೆ. ನಿಮ್ಮ ತಮ್ಮನಿಗೆ ಅಂಗಡಿಯಲ್ಲಿ ಒಂದು ಕುರ್ಚಿ ಹಾಕಿ ಕೊಡ್ತೇನೆ, ಬರ್ಲಿಕ್ಕೆ ಹೇಳಿ ಅಂದರು. ನಾನು ಹೇಳಿದ್ದೇನೆ ಅಂತ ಆಯಿತು.

ಹಪ್ಪಳ ಎರಡು ಕಟ್ಟು ಉಂಟು. ಒಂದು ಅವಳಿಗೆ.

ಕಮಲ


ಸಂಪಾಜೆ
15 ಮೇ 2024

ಅಕ್ಕಾ,

ಹಾಳೆಯಲ್ಲಿ ಇರುವುದು ಒಂದೇ ನಿಯಮ. ಅದನ್ನು ಕಂಪ್ಯೂಟರು ನಿಯಮಗಳನ್ನು ಇಡುವ ಕಪಾಟಿನಲ್ಲಿ ಒಂದು ಹೊಸ ಫೈಲು ಮಾಡಿ ಬರೆದು ಇಡಬೇಕು. ಅದರ ಅರ್ಥ ಇಷ್ಟು: ಈ ಮನೆತನದ ಈ ಹೆಸರಿನ ಯಂತ್ರ ಯಾವಾಗ ಬಂದರೂ, ಯಾವ ತೂತಿಗೆ ಬಂದರೂ, ಎಷ್ಟು ಸಲ ಹೋಗಿ ಬಂದರೂ, ಸ್ಕ್ಯಾನರಿನ ಗುಂಪಿನವರಿಗೆ ಮುಟ್ಲಿಕ್ಕೆ ಬಿಡು. ಕೆಳಗಿನ ಸಾಲು ಕಮಲಳನ್ನು ಆ ಗುಂಪಿಗೆ ಸೇರಿಸುವುದು. ಎರಡೂ ಆದ ಮೇಲೆ ಕಂಪ್ಯೂಟರನ್ನು ಒಮ್ಮೆ ಪೂರ್ತಿ ಬಂದ್ ಮಾಡಿ ಪುನಃ ತೆರೆ. ಇಲ್ಲದಿದ್ದರೆ ಗುಂಪಿಗೆ ಸೇರಿದ್ದು ನಿನಗೆ ಲಾಗು ಆಗುದಿಲ್ಲ.

ಇದು ಹೊಸತೇನಲ್ಲ. ಗೊತ್ತಿರುವ ಸ್ಕ್ಯಾನರುಗಳದ್ದೆಲ್ಲ ಒಂದು ಪಟ್ಟಿ ಕಂಪ್ಯೂಟರಿನಲ್ಲಿ ಮೊದಲೇ ಉಂಟು. ಅದರಲ್ಲಿ ಹೆಸರು ಇದ್ದವಕ್ಕೆ ಯಾರೂ ಎಂತದೂ ಹೇಳಬೇಕಾಗಿಲ್ಲ, ಬಂದು ಕೂತರೆ ಆಯಿತು. ನಿನ್ನದರ ಹೆಸರು ಯಾಕೋ ಪಟ್ಟಿಯಲ್ಲಿ ಬಿಟ್ಟು ಹೋಗಿದೆ.

ಅಚ್ಚುತ


ಅರಂತೋಡು
2 ಜೂನ್ 2024

ಅಚ್ಚುತಾ,

ಎರಡು ವಾರ ಬೇಕೆಂದೇ ಬರೆಯಲಿಲ್ಲ. ಪರೀಕ್ಷೆ ಮಾಡಿ ನೋಡುವ ಅಂತ. ಈ ಎರಡು ವಾರದಲ್ಲಿ ಗುಡುಗು ಬಂದದ್ದು ಒಂಬತ್ತು ದಿನ. ಒಂಬತ್ತು ಸಲ ಕಿತ್ತೆ, ಒಂಬತ್ತು ಸಲ ಸಿಕ್ಕಿಸಿದೆ. ಒಂದು ದಿನ ಮರೆತು ಬೇರೆ ತೂತಿಗೆ ಸಹ ಹಾಕಿದೆ. ಒಮ್ಮೆಯೂ ಅನುಮತಿ ಇಲ್ಲ ಅಂತ ಬರಲಿಲ್ಲ. ಕಪ್ಪು ಕಿಟಕಿ ತೆರೆಯುವುದೇ ಬೇಡ ಈಗ. ಅಜ್ಜಿಯಂದಿರು ಬಂದು ಕೂರ್ತಾರೆ, ಮಾಡಿಸಿಕೊಂಡು ಹೋಗ್ತಾರೆ. ಇದನ್ನು ಸರಿ ಮಾಡಿದವರು ಯಾರು ಅಂತ ಕೇಳಿದವರಿಗೆಲ್ಲ ನಿನ್ನ ಹೆಸರು ಹೇಳ್ತೇನೆ.

ಖುಷಿಯ ವಿಷಯವೇ. ಆದರೆ ಒಂದು ಸತ್ಯ ಹೇಳ್ತೇನೆ. ನಾನು ಕೆಡಿಸಲಿಲ್ಲ ಅಂತ ಆಣೆ ಹಾಕಿದ್ದು ನಿಜ. ಕೆಟ್ಟಾಗ ಬೇಜಾರಾಗ್ತಿತ್ತಾ ಅಂತ ಕೇಳಿದರೆ ಮಾತ್ರ ಆಣೆ ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ. ಪ್ರತಿ ಸಲ ಅದು ನಿಂತಾಗ, ಈ ಸಲವಾದರೂ ಇವ ಬಂದಾನು ಅಂತ ಅನಿಸ್ತಿತ್ತು. ಇನ್ನು ಅದು ಕೆಡುದಿಲ್ಲ. ನಿನ್ನನ್ನು ಕರೀಲಿಕ್ಕೆ ನನ್ನ ಹತ್ತಿರ ಬೇರೆ ನೆವ ಇಲ್ಲ.

ಆದ್ದರಿಂದ ನೇರ ಕೇಳ್ತೇನೆ. ಬಿಸಿಲು ಹೋಯಿತು, ಧೂಳು ಹೋಯಿತು, ಮಳೆ ಹಿಡಿಯಿತು. ನೀನು ಬಾರದ್ದು ಎಂತಕ್ಕೆ?

ಅಕ್ಕ,
ಕಮಲ


ಸಂಪಾಜೆ
20 ಜುಲೈ 2024

ಅಕ್ಕಾ,

ಒಂದೂವರೆ ತಿಂಗಳು ಉತ್ತರ ಬರೆಯಲಿಲ್ಲ. ಕುಕ್ಕಪ್ಪಣ್ಣ ದಿನಾ ಗೇಟಿನ ಹತ್ತಿರ ಬಸ್ಸು ನಿಧಾನ ಮಾಡಿ ನನ್ನ ಕೈ ನೋಡಿ ಹೋಗ್ತಿದ್ದರು. ನೇರ ಕೇಳಿದ್ದಿ, ನೇರ ಬರೆಯುತ್ತೇನೆ.

ತಂಬಿಲದ ದಿನ ಜಗಲಿಯಲ್ಲಿ ಊಟಕ್ಕೆ ಪಂಕ್ತಿ ಹಾಕಿದ್ದಿರಿ. ನಾನು ಭಾವನ ಪಕ್ಕ ಕೂತಾಗಿತ್ತು. ಎಲೆಗೆ ನೀರು ಹಾಕಿ ಒರೆಸಿಯೂ ಆಗಿತ್ತು. ನೀನು ಬಂದು ಬಗ್ಗಿ ಕಿವಿಯಲ್ಲಿ ಹೇಳಿದೆ, "ತಮ್ಮ, ನಿನಗೆ ಒಳಗೆ ಹಾಕಿದ್ದೇನೆ, ಆರಾಮದಲ್ಲಿ ಉಣ್ಣಬಹುದು." ನಾನು ಎದ್ದೆ. ಪಂಕ್ತಿಯಲ್ಲಿ ಕೂತವರೆಲ್ಲ ನೋಡಿದರು. ನನ್ನ ಎಲೆಯ ಎದುರು ನೀನು ಬೇರೆಯವರನ್ನು ಕೂರಿಸಿದೆ. ಒಳಗಿನ ಕೋಣೆಯಲ್ಲಿ ತೆಂಗಿನಕಾಯಿ ರಾಶಿಯ ಪಕ್ಕ ಒಬ್ಬನೇ ಕೂತು ಉಂಡೆ. ಹೊರಗೆ ಭಾವ ಏನೋ ತಮಾಷೆ ಹೇಳಿ ಎಲ್ಲ ನಗಾಡುದು ಕೇಳ್ತಾ ಇತ್ತು. ಆ ತಮಾಷೆ ಎಂತ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನೀನು ಪ್ರೀತಿಯಿಂದ ಮಾಡಿದ್ದು ಅಂತ ಗೊತ್ತುಂಟು. ಅದಕ್ಕೇ ಹೇಳ್ಲಿಕ್ಕೆ ಆಗಲಿಲ್ಲ. ಆಗದವರು ಮಾಡಿದ್ದರೆ ಜಗಳ ಮಾಡಬಹುದಿತ್ತು. ಮಾತು ಹೋಯಿತು ಅಂತ ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ, ಕೈ ಉಂಟಲ್ಲ, ಬರೆಯುವ ಅಂತ ಇದ್ದೆ. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ.

ಇಷ್ಟೇ.

ಅಚ್ಚುತ


ಅರಂತೋಡು
25 ಜುಲೈ 2024

ಅಚ್ಚುತಾ,

ನಿನ್ನ ಕಾಗದ ಲೈಬ್ರೆರಿಯಲ್ಲಿ ಓದಿದೆ. ಓದಿ ಬಾಗಿಲು ಹಾಕಿದೆ. ಮಳೆಗೆ ಯಾರೂ ಬರಲಿಲ್ಲ, ಬಂದಿದ್ದರೂ ತೆರೆಯುತ್ತಿರಲಿಲ್ಲ.

ನಿನಗೆ ಆರಾಮ ಆಗಲಿ ಅಂತ ಮಾಡಿದ್ದು ಅಂತ ಬರೆಯಬೇಕು ಅಂತ ಪೆನ್ನು ಹಿಡಿದೆ. ಬರೆದರೆ ಅರ್ಧ ಸತ್ಯ ಆಗ್ತದೆ. ಆ ದಿನ ಊಟಕ್ಕೆ ಮೊದಲು ನೀನು ಜಗಲಿಯಲ್ಲಿ ಒಮ್ಮೆ ಜೋರು ಕೆಮ್ಮಿದ್ದಿ. ಬಟ್ಟೆ ಸರಿಸಿ ತೂತು ಒರೆಸಿಕೊಂಡಿ. ನನ್ನ ಯಜಮಾನರ ಚಿಕ್ಕಮ್ಮ, ಚಿಕ್ಕತ್ತೆ, ನೋಡಿ ಅಡಿಗೆ ಕೋಣೆಗೆ ಬಂದು, ಊಟದ ಮಧ್ಯೆ ಹಾಗಾದರೆ ಉಣ್ಣುವವರಿಗೆ ಎಂತ ಅನಿಸಲಿಕ್ಕಿಲ್ಲ ಅಂತ ಕೇಳಿದರು. ನನಗೆ ನಾಚಿಕೆ ಆಯಿತು. ಅವರ ಮಾತಿನ ಬಗ್ಗೆ ನಾಚಿಕೆ ಆಗಬೇಕಿತ್ತು. ಆದದ್ದು ನಿನ್ನ ಬಗ್ಗೆ. ಹೌದು, ನಿನ್ನ ಬಗ್ಗೆಯೇ.

ನಿನ್ನೆ ದೇವಸ್ಥಾನಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ ಬಂದೆ. ಬಸ್ಸಿನಲ್ಲಿ ಬರುವಾಗ ಯೋಚನೆ ಆಯಿತು, ತಪ್ಪು ಮಾಡಿದ್ದು ದೇವರಿಗಲ್ಲ. ಅಲ್ಲಿ ಡಬ್ಬಿಗೆ ಹಾಕಿದರೆ ಸಂಪಾಜೆಗೆ ಮುಟ್ಟುದು ಹೇಗೆ. ಆದ್ದರಿಂದ ನಿನಗೇ ಬರೆಯುತ್ತೇನೆ. ನನ್ನದು ತಪ್ಪಾಯಿತು ತಮ್ಮ. ಪಂಕ್ತಿಯಿಂದ ನಿನ್ನನ್ನು ಎಬ್ಬಿಸಿದ್ದು ತಪ್ಪು.

ಉತ್ತರ ಬರೆಯಬೇಕು ಅಂತ ಇಲ್ಲ.

ಕಮಲ


ಸಂಪಾಜೆ
30 ಆಗಸ್ಟ್ 2024

ಅಕ್ಕಾ,

ನಿನ್ನ ಕಾಗದ ಸಿಕ್ಕಿತು. ತುಂಬ ಸಲ ಓದಿದೆ. ಕಾಗದವನ್ನು ಎತ್ತಿ ಇಟ್ಟುಕೊಂಡಿದ್ದೇನೆ.

ಕಡಬದ ಲೈಬ್ರೆರಿಯಿಂದ ನಿಶ್ಮಿತಾ ಅಂತ ಒಬ್ಬರು ಬರೆದಿದ್ದಾರೆ. ಪುತ್ತೂರಿನಲ್ಲಿ ಲೈಬ್ರೆರಿಯವರ ಮೀಟಿಂಗಿನಲ್ಲಿ ನೀನು ಎದ್ದು ನಿಂತು, ನನ್ನ ತಮ್ಮನಿಗೆ ಮಾತು ಬಾರದು, ಆದರೆ ಅವ ಬರೆದು ಕೊಟ್ಟ ಒಂದು ಸಾಲಿಗೆ ಕಂಪ್ಯೂಟರು ಹೇಳಿದ ಹಾಗೆ ಕೇಳ್ತದೆ ಅಂತ ಎಲ್ಲರೆದುರು ಹೇಳಿದೆಯಂತೆ. ಅವರ ಸ್ಕ್ಯಾನರಿಗೂ ಅದೇ ರೋಗ. ಅವರೂ ಗುಡುಗಿಗೆ ಕೀಳುವವರೇ. ನಿನ್ನ ನಿಯಮದಲ್ಲಿ ಎರಡು ನಂಬರು ಬದಲಿಸಿ ಕಳಿಸಿದೆ. ಆಯಿತಂತೆ.

ಮನೆಯಲ್ಲಿ ಎಲ್ಲ ಸೌಖ್ಯ. ಭಾವನನ್ನು ಕೇಳಿದೆ ಅಂತ ಹೇಳು.

ಅಚ್ಚುತ


ಅರಂತೋಡು
3 ಅಕ್ಟೋಬರ್ 2024

ಅಚ್ಚುತಾ,

ಒಂಬತ್ತನೇ ತಾರೀಕು ಬುಧವಾರ ನಮ್ಮಲ್ಲಿ ಹೊಸ ಅಕ್ಕಿ ಊಟ. ಗದ್ದೆಯಿಂದ ತಂದ ತೆನೆಯ ಭತ್ತ ಒಂಬತ್ತು ಕಾಳು ಸುಲಿದು ಅಕ್ಕಿಗೆ ಸೇರಿಸಿ ಬೇಯಿಸುದು ನಿನಗೆ ಗೊತ್ತುಂಟಲ್ಲ. ಮನೆಯವರು ಮಾತ್ರ, ಪಂಕ್ತಿಗೆ ಹದಿನಾಲ್ಕು ಎಲೆ. ಚಿಕ್ಕತ್ತೆಯೂ ಇರ್ತಾರೆ. ಅವರ ಹತ್ತಿರ ನಾನು ಮಾತಾಡಿ ಆಗಿದೆ, ಎಂತ ಮಾತಾಡಿದೆ ಅಂತ ಬರೆಯುದಿಲ್ಲ, ಅಡಿಗೆ ಕೋಣೆಯ ಮಾತು.

ಒಳಗಿನ ಕೋಣೆಯಲ್ಲಿ ತೆಂಗಿನಕಾಯಿ ಇನ್ನೂ ಹೆಚ್ಚಾಗಿದೆ, ಅಲ್ಲಿ ಯಾರಿಗೂ ಕೂರ್ಲಿಕ್ಕೆ ಜಾಗ ಇಲ್ಲ. ಜಗಲಿಯಲ್ಲಿ ಒಂದೇ ಪಂಕ್ತಿ.

ಬಾ ಅಂತ ಒತ್ತಾಯ ಮಾಡ್ಲಿಕ್ಕೆ ನನಗೆ ಬಾಯಿ ಇಲ್ಲ. ಹದಿನಾಲ್ಕು ಎಲೆಯಲ್ಲಿ ನಿನ್ನದೂ ಸೇರಿದೆ ಅಂತ ಹೇಳ್ತೇನೆ, ಅಷ್ಟೇ.

ಅಕ್ಕ,
ಕಮಲ


ಸಂಪಾಜೆ
6 ಅಕ್ಟೋಬರ್ 2024

ಅಕ್ಕಾ,

ಕುಕ್ಕಪ್ಪಣ್ಣನ ಹತ್ತಿರ ಬುಧವಾರ ಬೆಳಗ್ಗಿನ ಬಸ್ಸಿಗೆ ಪಕ್ಕದ ಸೀಟು ಇಡ್ಲಿಕ್ಕೆ ಬರೆದು ಕೊಟ್ಟಿದ್ದೇನೆ. ಹತ್ತುತ್ತೇನಾ ಅಂತ ಆ ದಿನ ಬೆಳಿಗ್ಗೆಯೇ ಗೊತ್ತಾಗಬೇಕು.

ಅಚ್ಚುತ


ಅರಂತೋಡು
10 ಅಕ್ಟೋಬರ್ 2024

ಅಚ್ಚುತಾ,

ನಿನ್ನೆ ಇಡೀ ದಿನ ಎದುರಿಗೇ ಇದ್ದವನಿಗೆ ಇವತ್ತು ಬರೆಯುದು ಎಂತಕ್ಕೆ ಅಂತ ಕೇಳಬೇಡ. ಪಂಕ್ತಿಯಲ್ಲಿ ಕೂತವನಿಗೆ ಪಕ್ಕದವರ ಎಲೆ ಮಾತ್ರ ಕಾಣುದು. ಬಡಿಸುವವಳಿಗೆ ಹದಿನಾಲ್ಕು ಮುಖವೂ ಕಾಣ್ತದೆ.

ನೀನು ಬಸ್ಸಿನಿಂದ ಇಳಿದು ಲೈಬ್ರೆರಿ ದಾಟಿಯೇ ಬಂದಿ. ಸ್ಕ್ಯಾನರು ನೋಡ್ತಿಯಾ ಅಂತ ಕೇಳಿದರೆ ಬೇಡ ಅಂತ ಕೈ ಆಡಿಸಿದಿ. ನನಗೆ ಅಲ್ಲಿಯೇ ಕಣ್ಣು ತುಂಬಿತು. ನೀನು ರಿಪೇರಿಗೆ ಬಂದವನಲ್ಲ.

ಅನ್ನ ಬಡಿಸಿ, ಸಾಂಬಾರು ಬಡಿಸಿ, ನಾನು ಪಾಯಸದ ಪಾತ್ರೆ ಹಿಡಿದು ಬರುವಾಗ ನಿನಗೆ ಕೆಮ್ಮು ಬಂತು. ನೀನು ಬಗ್ಗಿ ಬಟ್ಟೆ ಹಿಡಿದುಕೊಂಡಿ. ನಿಲ್ಲಲೇ ಇಲ್ಲ ಅದು. ಸುಳ್ಳು ಹೇಳುದಿಲ್ಲ, ಆಗಲೂ ನನ್ನ ಕಾಲು ನಿನ್ನ ಕಡೆಗೆ ಹೊರಟಿತು, ಎಬ್ಬಿಸಿ ಒಳಗೆ ಕರಕೊಂಡು ಹೋಗುವ ಅಂತ. ದೇವರೇ, ಇವಳಿಗೆ ಬುದ್ಧಿ ಬರುದು ಯಾವಾಗ ಅಂತ ನನಗೇ ನಾನು ಬೈದುಕೊಂಡೆ. ನಿಂತಲ್ಲಿಯೇ ನಿಂತೆ. ನಿನ್ನ ಭಾವ ಉಣ್ಣುತ್ತಾ ಇದ್ದರು. ಪುತ್ತೂರಿನಿಂದ ನೇರ ಬಂದ ಯಶಸ್ವಿ ಉಪ್ಪಿನಕಾಯಿ ನೆಕ್ಕುತ್ತಾ ಇದ್ದಳು. ಚಿಕ್ಕತ್ತೆ ಕೈ ನಿಲ್ಲಿಸಿ ನಿನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರು ತಿರುಗಿ ನನ್ನನ್ನು ನೋಡಿದರು.

"ಎಂತ ಕಂಬದ ಹಾಗೆ ನಿಂತದ್ದು ಕಮಲ, ಅವನಿಗೆ ನೀರು ಕೊಡು, ನನಗೆ ಪಾಯಸ ತಾ."

ಅಷ್ಟೇ. ಪಂಕ್ತಿ ಮುಂದೆ ಹೋಯಿತು. ಭಾವನ ತಮಾಷೆಗೆ ನಿನ್ನ ಭುಜ ಕುಣಿಯುದನ್ನು ನಾನು ಬಾಗಿಲ ಹತ್ತಿರ ನಿಂತು ನೋಡಿದೆ.

ಎಲ್ಲರೂ ಕೈ ತೊಳೀಲಿಕ್ಕೆ ಎದ್ದ ಮೇಲೆ ಎಲೆ ತೆಗೆದದ್ದು ನಾನೇ, ಬೇರೆಯವರಿಗೆ ಬಿಡಲಿಲ್ಲ. ನಿನ್ನ ಎಲೆ ನೋಡಿದೆ ತಮ್ಮ. ಒಗ್ಗರಣೆಯ ಎರಡು ಕರಿಬೇವಿನ ಸೊಪ್ಪು ಬಿಟ್ಟರೆ ಅದರಲ್ಲಿ ಎಂತದೂ ಇರಲಿಲ್ಲ.

ನಿನ್ನ ಅಕ್ಕ,
ಕಮಲ